ಕಲಬೆರಕೆ ಅಕ್ಕಿ

ಶನಿವಾರ ಮಧ್ಯಾಹ್ನ ಚೀಲ ಹಿಡಿದು
ಮೇಲಿನ ಕೇರಿಯಿಂದ ಇಳಿಯತೊಡಗುತ್ತೇನೆ.
ಇನ್ನೂರ ಹನ್ನೊಂದು ಮೆಟ್ಟಿಲು, ಮೂವತ್ತನಾಲ್ಕು ಮನೆ.
ಮೆಟ್ಟಿಲ ಲೆಕ್ಕ ಮಂಡಿಗೆ ಗೊತ್ತು,
ಮನೆಗಳ ಲೆಕ್ಕ ನೋಟ್‌ಬುಕ್ಕಿಗೆ.

ಎಸರಿಗೆ ಅಕ್ಕಿ ಹಾಕುವ ಮುನ್ನ
ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ:
ನಮ್ಮ ಮಿಜೋ ಬೆಟ್ಟದ ಹೆಂಗಸರು ಹೊತ್ತುಹೊತ್ತಿಗೂ ಮಾಡುವ ಕೆಲಸ.
ದೇವರ ಪಾಲು.
ಹಾಗೆಂದು ಯಾರೂ ಹೇಳುವುದಿಲ್ಲ;
ಬಾಯಿಗೆ ಪುರುಸೊತ್ತೆಲ್ಲಿ,
ಒಲೆ ಊದುತ್ತಿರುತ್ತದೆ ಅದು.

ಡಬ್ಬಿ ನೋಡಿದರೆ ನನಗೆ ಕೈ ಗೊತ್ತಾಗುತ್ತದೆ.
ಸಾಂಗ್‌ಜುವಾಲಿಯದು ದೊಡ್ಡ ಕೈ, ಮಾತೂ ದೊಡ್ಡದು.
ಮಾಸ್ತರರ ಸೊಸೆಯದು ಉಗುರುಬಣ್ಣದ ಪುಟ್ಟ ಕೈ,
ಆದರೂ ಡಬ್ಬಿ ತುಂಬಿರುತ್ತದೆ.
ಹ್ಮಿಂಗಿ ಸತ್ತ ಮೇಲೆ ಅವಳ ಗಂಡ ಝೋಖುಮಾ
ತಾನೇ ಹಿಡಿ ತೆಗೆಯುತ್ತಾನೆ, ಲೆಕ್ಕ ತಪ್ಪಿ
ಒಮ್ಮೆ ಎರಡು, ಒಮ್ಮೆ ಇಲ್ಲ.
"ಎಸರಿಗೆ ಹಾಕಿದ ಮೇಲೆ ನೆನಪಾಯಿತು" ಎಂದು
ಒದ್ದೆ ಅಕ್ಕಿ ಕೊಟ್ಟಿದ್ದ ಒಂದು ವಾರ.
ಒಣಗಿಸಿಕೊಂಡೆ. ಏನು ಮಾಡುವುದು.

ಚರ್ಚಿನ ಹಿಂದಿನ ಕೋಣೆಯಲ್ಲಿ ಎಲ್ಲವೂ ಒಂದೇ ರಾಶಿ:
ಕುಮರಿ ಹೊಲದ ಕೆಂಪು, ಪೇಟೆಯ ಬಿಳಿ, ರೇಷನ್ನಿನ ನುಚ್ಚು.
ಬೇಗ ಬೆಂದು ಮುದ್ದೆಯಾಗುವುದು ಒಂದು,
ಬೇಯದೆ ಹಲ್ಲಿಗೆ ಸಿಗುವುದು ಇನ್ನೊಂದು.
ಕಲಬೆರಕೆಗೆ ಪೂರ್ತಿ ಬೆಲೆ ಯಾರು ಕೊಡುತ್ತಾರೆ?
ಕಿಲೋಗೆ ಎಂಟು ರೂಪಾಯಿ ಕಡಿಮೆ.
ಮಾರಿದ ಹಣ ಬೆಟ್ಟ ಇಳಿದು ಹೋಗುತ್ತದೆ
ಗಡಿಯಂಚಿನ ಶಾಲೆಗೆ, ಬಯಲಿನ ಆಸ್ಪತ್ರೆಗೆ,
ಮತ್ತೆ ಸಮುದ್ರ ದಾಟಿ ವೇಲ್ಸಿಗೆ.

ಹೌದು, ವೇಲ್ಸಿಗೆ.
ನನ್ನಜ್ಜಿಗೆ ಅಕ್ಷರ ಕೊಟ್ಟವರು ಬಂದದ್ದು ಅಲ್ಲಿಂದಲೇ.
ಈಗ ಅಲ್ಲಿ ಬೆಂಚುಗಳು ಖಾಲಿಯಂತೆ.
ನಮ್ಮೂರ ಹುಡುಗ ರೆಮ್‌ಸಾಂಗ ಹೋಗಿದ್ದಾನೆ
ಆರು ಜನ ಮುದುಕರಿಗೆ ವಾಕ್ಯ ಓದಲು.
"ಹಳೆಯ ಸಾಲ ತೀರಿತು" ಅಂದರು ಸಭಾಪಾಲಕರು.
ಅಷ್ಟು ಸಲೀಸೇ ಅಂದುಕೊಂಡೆ. ಹೇಳಲಿಲ್ಲ.

ಹೋದ ಭಾನುವಾರ ಅವನ ಪತ್ರ ಓದಿದರು.
ಚಾವಣಿ ಸೋರುತ್ತದೆ. ಅವರ ಭಾಷೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.
ಪಕ್ಕದ ಊರಿನ ಚರ್ಚಿನಲ್ಲಿ ಈಗ ಕಾರ್ಪೆಟ್ ಮಾರುತ್ತಾರೆ.
ಎಲುನೆಡ್ ಎಂಬ ಮುದುಕಿ ಕೇಳಿದಳಂತೆ:
"ನಿನಗೆ ಸಂಬಳ ಕೊಡುವುದು ಯಾರು ಮಗೂ?"
"ಅಕ್ಕಿ" ಅಂದನಂತೆ.
ಅವಳಿಗೆ ಕಿವಿ ಮಂದ. "ಯಾರು?"
"ಅಕ್ಕಿ."
ಮುಂದಿನ ವಾರ ಕೈಚೀಲದಿಂದ ಒಂದು ಆಲೂಗಡ್ಡೆ ತೆಗೆದು
ಬೈಬಲ್ಲಿನ ಪಕ್ಕ ಇಟ್ಟಳಂತೆ,
ಮಣ್ಣು ಕೂಡ ತೊಳೆಯದೆ.

ಎಲ್ಲರೂ ನಕ್ಕರು. ನಾನೂ.
ನಗುತ್ತಲೇ ಹಿಂದಿನ ಬೆಂಚು ನೋಡಿದೆ:
ನ್ಗುರಿ ಬಂದಿರಲಿಲ್ಲ.

ಕೊನೆಯ ಮನೆ ಅವಳದು,
ಮೆಟ್ಟಿಲು ಮುಗಿದು ಕೆಸರು ಶುರುವಾಗುವಲ್ಲಿ.
ಮಗ ಸೂಜಿ ಚುಚ್ಚಿಕೊಂಡು ಒಂದೊಂದಾಗಿ ಮಾರಿದ
ಗಡಿಯಾರ, ಮಾಡಿನ ತಗಡು, ಅವಳು ಮಗ್ಗದಲ್ಲಿ ನೇಯ್ದ ಪುವಾನ್.
ಅವನ ಹೆಸರಿಗೆ ಯಾವ ಮನೆಯಲ್ಲೂ ಡಬ್ಬಿ ಇಲ್ಲ.
ಸಮುದ್ರ ದಾಟುವ ನಮ್ಮ ಹಿಡಿ
ಆ ಹತ್ತು ಗಜ ಕೆಸರು ದಾಟಿಲ್ಲ.

ಆ ಮನೆ ಬಿಟ್ಟುಬಿಡೋಣ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.
ಬಿಟ್ಟರೆ ಅವಳಿಗೆ ಅವಮಾನ.
ಹೋದರೆ ನನಗೆ.

ಈ ಶನಿವಾರವೂ ಹೋದೆ. ಹಾಲಿನಪುಡಿಯ ಡಬ್ಬಿ ಕೈಗಿತ್ತಳು.
ಸುರಿಯುವ ಮುನ್ನ ಬೆಳಕಿಗೆ ಹಿಡಿದು ನೋಡಿದೆ:
ಕೆಂಪು, ಬಿಳಿ, ನುಚ್ಚು,
ನಡುವೆ ನೀರಲ್ಲಿ ಉಬ್ಬಿ, ಒಣಗಿ, ಬಿರುಕು ಬಿಟ್ಟ
ಒಂದೆರಡು ಕಾಳು. ಝೋಖುಮಾನವು.

ನಾನೇ ಮಾರಿದ ಅಕ್ಕಿ.
ಎಂಟು ರೂಪಾಯಿ ಕಡಿಮೆಗೆ ಇವಳು ಕೊಂಡು,
ಬೇಯಿಸುವ ಮುನ್ನ ಹಿಡಿ ತೆಗೆದಿಟ್ಟಿದ್ದಾಳೆ.
ಒಂದೇ ಕಾಳನ್ನು ಎಷ್ಟು ಸಲ ಕೊಡಬಹುದು?
ಎಷ್ಟು ಸಲ ಹೊತ್ತಿದ್ದೇನೆ ನಾನಿದನ್ನು,
ಪ್ರತಿ ಸಲವೂ ಹೊಸದೆಂದು ಬರೆದುಕೊಂಡು?

ನೋಟ್‌ಬುಕ್ ತೆರೆದೆ.
"ಎಷ್ಟಾಯಿತು?" ಎಂದಳು, ವಾರವಾರದ ಹಾಗೆ.
ಒಳಗೆ ಯಾರೋ ಕೆಮ್ಮಿದರು.
"ಅವನು ಉಂಡನಾ?" ಅಂದೆ.
ಇಷ್ಟು ವರ್ಷ ಕೇಳಿರಲಿಲ್ಲ.

ಅವಳು ಬಾಗಿಲನ್ನು ತುಸು ಅಗಲ ಮಾಡಿದಳು.

ಚೀಲವನ್ನು ಹೊಸ್ತಿಲ ಹೊರಗೇ ಬಿಟ್ಟು
(ಕೋಳಿ ಕೆದಕಿದರೆ ಕೆದಕಲಿ)
ಒಳಗೆ ಹೋದೆ.