ನಾಕನೇ ಅಕ್ಷರ

ವಾಸ್ಕೋದಾಗ, ಬೇಕರಿ ಮ್ಯಾಲಿನ ಖೋಲಿ.
ಕೆಳಗ ಪಾವ್ ಸುಡೋ ವಾಸನಿ. ಮ್ಯಾಲ
ಕುಂಕಳ್ಳೇಕರ ಸಾಹೇಬ್ರು, ತೆರಿಗಿ ಲೆಕ್ಕದೋರು,
ಕನ್ನಡಕ ಹಣಿಗೇರಿಸಿ ಕೇಳ್ತಾರ:
ಕಂಪನಿಗೆ ಏನಂತ ಹೆಸರಿಡ್ತೀರಿ?

ಪಿಯೆದಾದ ನನ್ನ ಮಾರಿ ನೋಡ್ತಾಳ, ನಾ ಅಕಿದು.
ಹದಿನೆಂಟು ವರ್ಷ ಬಾರ್ಜಿಗೆ, ಟ್ರಾಲರಿಗೆ, ಡೋಣಿಗೆ
ತಾಡಪತ್ರಿ ಹೊಲದೇವಿ,
ಒಂದ ಮಷೀನಿನ ಎರಡೂ ಕಡೆ ಕುಂತು,
ಅಕಿ ದೂಡಾಕಿ, ನಾ ಎಳಿಯಾಕಿ.
ಹೆಸರು ಬೇಕಂತ ಯಾರೂ ಅಂದಿದ್ದಿಲ್ಲ.
ತಾಡಪತ್ರಿ ಬಾಯಾರು ಅಂದ್ರ ಬಂದರ ತುಂಬ ಗೊತ್ತು.

ಮೊದಲನೇ ಹೆಸರು ತಿರುಗಿ ಬಂತು:
ಅಂಥಾದ್ದು ಒಂದು ಆಗಲೇ ಐತಂತ, ಗುಜರಾತಿನ್ಯಾಗ.
ಎರಡನೇದೂ ಬಂತು, ಕಾರಣ ತಿಳೀಲಿಲ್ಲ.
ಮೂರನೇದಕ್ಕ ಅಕಿ ಹೆಸರಿನ ತಲಿ,
ಫಕ್ಕೀರವ್ವ ಅನ್ನೋ ನನ್ನ ಹೆಸರಿನ ತಲಿ
ಕತ್ತರಿಸಿ ಜೋಡಿಸಿದ್ವಿ: ಪಿಫಾ.
ಅರ್ಥ ಏನಂದ್ರು.
ಹೊಲಿಗಿ ಅಂದೆ.

ಅದರ ಬಾಲಕ್ಕ ಪ್ರೈವೇಟ್ ಲಿಮಿಟೆಡ್.
ಲಿಮಿಟೆಡ್ ಅಂದ್ರ?
ಲುಕ್ಸಾನಾದ್ರ ಕಂಪನಿದು,
ನಿಮ್ಮನಿ ಹೊಸ್ತಿಲ ದಾಟಂಗಿಲ್ಲ, ಅಂದ್ರು.
ನನಗ ನಗಿ ಬಂತು.
ಲುಕ್ಸಾನ ನಮ್ಮನಿಗೆ ಯಾವತ್ತೂ
ಬಾಗಿಲ ಬಡದು ಬಂದದ್ದಲ್ಲ.
ಗಣಿ ನಿಂತ ವರ್ಷ ಅದು ಹಾಸಿಗಿ ಮ್ಯಾಲ ಮಲಗಿತ್ತು,
ನಾವು ಕೆಳಗ.
ಇನ್ನ ಅದಕ್ಕೂ ಒಂದು ಸ್ವಂತ ಮನಿ ಆತಲ್ಲ ಬಿಡ್ರಿ, ಅಂದೆ.
ಸಾಹೇಬ್ರು ಬರಕೊಳ್ಳಲಿಲ್ಲ.

ವಿಳಾಸಕ್ಕ ಪುರಾವೆ ಬೇಕು.
ಎರಡು ತಿಂಗಳ ಒಳಗಿನ ಲೈಟ್ ಬಿಲ್ಲು, ಮಾಲಕನ ಒಪ್ಪಿಗಿ ಪತ್ರ.
ನಾ ಈ ಊರಾಗ ಮೂರು ಮನಿ ಕಂಡೀನಿ.
ಮೊದಲನೇದು ಸಮುದ್ರದ ದಂಡಿಗೆ; ಜೇಸಿಬಿ ಬಂದ ದಿನ
ಬಾಗಿಲ ಮ್ಯಾಲಿನ ನಂಬರ ಮೊದಲು ಬಿತ್ತು, ಆಮ್ಯಾಲ ಗೋಡಿ.
ಎರಡನೇದಕ್ಕ ನಂಬರ ಇದ್ದಿದ್ದಿಲ್ಲ.
ಮೂರನೇದರ ಲೈಟ್ ಬಿಲ್ಲು ಇನ್ನೂ
ಸತ್ತವನ ಹೆಸರಿಗೇ ಬರತೈತಿ.
ಮಂಗೂರ ಗುಡ್ಡದ ಶೆಡ್ಡಿಗೆ ಮಾತ್ರ ಎಲ್ಲಾ ಕಾಗದ ಅದಾವ.
ನಾ ಉಣ್ಣೋ ಜಾಗಕ್ಕಿಲ್ಲ,
ಸೂಜಿ ಇಡೋ ಜಾಗಕ್ಕೈತಿ.

ಹನ್ನೊಂದನೇ ದಿನ ಕಾರ್ಡು ಬಂತು.
ನನ್ನ ಕಾರ್ಡಿನ ಬಾಜೂಕ ಇಟ್ಟು ನೋಡಿದೆ.
ನನ್ನದರಾಗ ನನ್ನ ಫೋಟೋ, ಕಣ್ಣು ಅರ್ಧ ಮುಚ್ಚಿದ್ದು,
ಅದರ ಜೋಡಿ ಅಪ್ಪನ ಹೆಸರು: ಹಗ್ಗ ಹೊಸೀತಿದ್ದ ದುರಗಪ್ಪ,
ಒಂದು ಕಾಗದಕ್ಕೂ ಹೆಬ್ಬಟ್ಟು ಒತ್ತದೆ ಹೋದಂವ.
ಇದರಾಗ ಮಾರಿ ಇಲ್ಲ. ಅಪ್ಪ ಇಲ್ಲ.
ಹುಟ್ಟಿದ ದಿನ ಐತಿ, ಮೇ ಆರು.
ನನ್ನದು ಸಾಲಿ ಮಾಸ್ತರ ಅಂದಾಜಿಲೆ ಬರದದ್ದು, ಜೂನ್ ಒಂದು;
ಇದರದು ಖರೇದು.
ನಾಕನೇ ಅಕ್ಷರ ನೋಡ್ರಿ, ಅಂದ್ರು ಸಾಹೇಬ್ರು,
ನಿಮ್ಮದು ಪಿ, ಮನಷ್ಯಾರು ಅಂತ. ಇದರದು ಸಿ.
ಪಿಯೆದಾದ ಪರ್ಸಿನ್ಯಾಗಿಂದ ತನ್ನದು ತಗದು
ದೂರ ಹಿಡದು, ಹತ್ತಿರ ಹಿಡದು
ನಂದೂ ಪಿ ಅಂದ್ಲು,
ಈಗ ಖಾತ್ರಿ ಆದಾಕಿ ಹಂಗ.

ಇನ್ನ ಇದರ ಊಟದ ವ್ಯಾಳ್ಯಾ:
ಜೂನಿನಿಂದ ಮಾರ್ಚಿನ ತನಕ ನಾಕು ಸಲ
ಹದಿನೈದನೇ ತಾರೀಖಿಗೆ ಮುಂಗಡ ತೆರಿಗಿ.
ಲಾಭದ ನೂರರಾಗ ಇಪ್ಪತ್ತೈದು, ಮ್ಯಾಲ ಚಿಲ್ಲರೆ.
ನಮ್ಮ ರೊಕ್ಕ ಬರೋದು ಮಳಿ ಮೊದಲು,
ಜೂನಿನ್ಯಾಗ ಅದು ಸಾಲಿ ಫೀಜು, ನೂಲು, ಹಳೇ ಸಾಲ.
ಲಾಭ ಇರದಿದ್ರ?
ಇಲ್ಲ ಅಂತ ಬರದು ಕೊಡಬೇಕು.
ಇಲ್ಲ ಅನ್ನೋದನ್ನೂ ಬರದು ಕೊಡಬೇಕಂತ
ಈ ವಯಸ್ಸಿನ್ಯಾಗ ಗೊತ್ತಾತು.
ಇಷ್ಟು ವರ್ಷದ್ದು ಕೊಡಬೇಕಾದ್ರ
ಎಷ್ಟು ದಸ್ತು ಕಾಗದ ಹಿಡೀತಿತ್ತೋ.

ಮೊದಲನೇ ಬಿಲ್ಲು, ನಂಬರ ಒಂದು,
ಬಾಯ್ನಾದ ಕಾಯ್ತಾನನ ಡೋಣಿ ಮುಚ್ಚೋದಕ್ಕ.
ಬಿಲ್ ಯಾಕ ಬಾಯಿ, ಮಳಿಗೆ ಮರೆ ಆದ್ರ ಆತು, ಅಂದ.
ಹರದು ಕೈಯಾಗಿಟ್ಟೆ.
ಮಡಚಿ ಅಂಗಿ ಕಿಸೆದಾಗ ಹಾಕ್ಕೊಂಡು ಹೋದ.
ಮರುದಿನ ಮುಂಜಾನೆ ಬಿಲ್ಲು ತಿರುಗಿ ಬಂತು,
ಒಳಗ ಎರಡು ಬಂಗಡಿ,
ಒಂದು ಅಕಿಗೆ, ಒಂದು ನನಗ.
ಇದನ್ನ ಎಲ್ಲಿ ಬರೀಬೇಕಂತ
ಸಾಹೇಬ್ರಿಗೆ ಫೋನ್ ಹಚ್ಚಲೇನು ಅಂದ್ಲು ಪಿಯೆದಾದ.
ಬ್ಯಾಡಂದೆ.

ಕಾರ್ಬನ್ ಪ್ರತಿ ಫೈಲಿನ್ಯಾಗ ಐತಿ.
ಅದಕ್ಕ ವಾಸನಿ ಇಲ್ಲ.