ಕನಿಷ್ಠ ಅಳತೆ

ಯಾಕುತ್ಸ್ಕ್, ಮೂರನೇ ಮಹಡಿ, ಮಾರ್ಚ್.
ಕಿಟಕಿಯಾಚೆ ಮೈನಸ್ ಮೂವತ್ತೊಂದು.
ತೆರೆಯ ಮೇಲೆ ಮಾತ್ರ ಹೋದ ಜುಲೈ,
ಉಪಗ್ರಹ ಹಾದುಹೋಗುತ್ತ
ಒಂದೇ ಗುಟುಕಿಗೆ ಕುಡಿದ ಹಸಿರು.

ಒಂದೊಂದು ಚುಕ್ಕಿಗೂ ಒಂದೊಂದು ಅಂಕಿ.
ಒಂಟಿ ಚುಕ್ಕಿಗೆ ತಾನು ಹುಲ್ಲೋ ನೆರಳೋ ತಿಳಿಯದು.
ಅದಕ್ಕೇ ಈ ಯಂತ್ರ, ಪಕ್ಕದ ಚುಕ್ಕಿಯೊಡನೆ
ಸಾಲಾವಳಿ ನೋಡುತ್ತದೆ:
ಬಣ್ಣ ಕೂಡಿತೇ, ಮೈಯ ನುಣುಪು ಕೂಡಿತೇ,
ಕೂಡಿದ ಮೇಲೆ ಅಂಚು ಎಷ್ಟು ಅಂಕುಡೊಂಕಾದೀತು?
ಒಪ್ಪಿದರೆ ಗಂಟು. ಒಪ್ಪದಿದ್ದರೆ ನಡುವೆ ಗೆರೆ.
ಸಂಜೆಯೊಳಗೆ ಮೂವತ್ತೇಳು ಸಾವಿರ ಸಂಸಾರ.

ಮಾಪಕ ಇಪ್ಪತ್ತಕ್ಕಿಟ್ಟರೆ
ಪೊದೆ ಪೊದೆಯೂ ಬೇರೆ ಒಲೆ ಹೂಡುತ್ತದೆ.
ಇನ್ನೂರಕ್ಕಿಟ್ಟರೆ
ಕೆರೆ, ಕಾಡು, ಸುಟ್ಟ ಕಾಡು ಒಂದೇ ಕಂಬಳಿಯಡಿ.
ನಾನು ಅರವತ್ತಕ್ಕಿಟ್ಟೆ.
ಯಾಕೆ ಅರವತ್ತೆಂದು ವರದಿಯಲ್ಲಿ ಎರಡು ಪುಟವಿದೆ.
ಪುಟದಲ್ಲಿಲ್ಲದ್ದು:
ಅರವತ್ತರಲ್ಲಿ ನಮ್ಮ ಕುಬಾಲಾಖ್
ಕುಬಾಲಾಖ್‌ನ ಹಾಗೇ ಕಂಡಿತು.

ನೆಲದೊಳಗಿನ ಮಂಜು ಕರಗಿ, ಕಾಡು ಕುಸಿದು
ಆದ ತಟ್ಟೆ ಅದು. ಆಲಾಸ್ ಅನ್ನುತ್ತೇವೆ.
ನಡುವೆ ಕೆರೆ, ಸುತ್ತ ಹುಲ್ಲು, ಅಂಚಿಗೆ ಲಾರ್ಚ್ ಮರ.
ಹಿಂದೆ ಒಂದು ಆಲಾಸ್ ಹುಟ್ಟಲು
ಸಾವಿರ ವರ್ಷ ಹಿಡಿಯುತ್ತಿತ್ತು;
ಈಗ ನೆಲಕ್ಕೆ ಅಷ್ಟು ಪುರುಸೊತ್ತಿಲ್ಲ.
ನೀರಿನ ತುಂಡು ಎಣಿಸುವುದು ನನ್ನ ಸಂಬಳ.

ವಾಯವ್ಯ ಮೂಲೆಯಲ್ಲೊಂದು ಬೋಳು.
ಸಂಖ್ಯೆ ಇಪ್ಪತ್ತೆಂಟು ಸಾವಿರದ ನಾನೂರ ಹದಿನಾರು.
ದುಂಡುತನ, ಸೊನ್ನೆ ಬಿಂದು ಒಂಬತ್ತು.
ಹುಲ್ಲಲ್ಲಿ ಯಾರೋ ಬೀಳಿಸಿಕೊಂಡ ನಾಣ್ಯ.
'ಹೊಸ ಕುಸಿತವೋ?' ಎಂದು ಅಂಚಿನಲ್ಲಿ
ಗವ್ರೀಲ್ ಪ್ರೊಕೊಪಿಯೆವಿಚ್ ಅವರ ಕೆಂಪು ಶಾಯಿ.

ಈ ಹಿಮದಲ್ಲಿ ನೆಲ ನೋಡಲು ಯಾರು ಹೋಗುತ್ತಾರೆ?
ದುಲುಸ್ತಾನ್‌ಗೆ ಫೋನು ಮಾಡಿದೆ. ಕುದುರೆ ಕಾಯುವವನು,
ನನ್ನ ದೊಡ್ಡಮ್ಮನ ಮಗ.
'ಕುಸಿತವೂ ಅಲ್ಲ ಮಣ್ಣೂ ಅಲ್ಲ,
ನಾನು ಹೊಗೆ ಹಾಕೋ ಜಾಗ.
ಸೊಳ್ಳೆ ಎದ್ದ ಕಾಲಕ್ಕೆ ಒಣಸಗಣಿ ಕೂಡಿಟ್ಟು ಸುಡ್ತೀನಿ.
ಕರೆಯೋದೇ ಬೇಡ, ತಾವೇ ಬಂದು
ಹೊಗೆಯಲ್ಲಿ ಮೂತಿ ಇಟ್ಟು ನಿಲ್ತಾವೆ.
ಗಾಳಿ ತಿರುಗಿದ ಹಾಗೆ ಅವೂ ತಿರುಗ್ತಾವೆ.
ಹುಲ್ಲು ಎಲ್ಲಿ ಉಳಿಯುತ್ತೆ?'

ಓ, ಅದಕ್ಕೇ ದುಂಡಗೆ.
ಗಾಳಿ ಒಂದೇ ದಿಕ್ಕಿನದಾಗಿದ್ದರೆ
ನನ್ನ ನಾಣ್ಯಕ್ಕೆ ಬಾಲ ಬಂದಿರುತ್ತಿತ್ತು.

ಚಿತ್ರ ಹಿಗ್ಗಿಸಿದೆ. ಬೋಳಿನೊಳಗೆ ಕಪ್ಪು ಕಾಳು.
ಗದ್ದಲವೆಂದು ಹೋದ ವಾರವಷ್ಟೇ ಸೋಸಿ ಎಸೆದಿದ್ದೆ.
'ಎಷ್ಟಿವೆ?' ಅಂದ.
ಎರಡು ಸಲ ಎಣಿಸಿದೆ. ಹದಿನೇಳು.
'ಹದಿನೆಂಟಿರಬೇಕು. ಇನ್ನೊಂದು ಬಿಳಿ ಹೆಣ್ಣು.
ಹೊಗೆ ದಟ್ಟ ಇರೋ ಕಡೆಯೇ ಅದಕ್ಕೆ ಬೇಕು.'
ಬೂದಿಯ ಮೇಲೆ ಬಿಳಿ, ಅದರ ಮೇಲೆ ಹೊಗೆ:
ಮೂರನ್ನೂ ಯಂತ್ರ ಯಾವಾಗಲೋ ಮದುವೆ ಮಾಡಿಸಿಯಾಗಿದೆ.

ಕಾಲು ಹೆಕ್ಟೇರಿಗಿಂತ ಕಿರಿದಾದದ್ದನ್ನು
ಅತಿ ಉದ್ದ ಗಡಿಯ ನೆರೆಯೊಳಗೆ ಸೇರಿಸತಕ್ಕದ್ದು.
ನಿಯಮ ನನ್ನದೇ, ನಾನೇ ಬರೆದದ್ದು.
ಸೇರಿಸಿದೆ.
ನಕ್ಷೆಯಲ್ಲಿ ಈಗ ಅಲ್ಲಿ ಬರೀ ಹುಲ್ಲು,
ಯಾವ ಗೊರಸೂ ತುಳಿಯದ, ಸೊಳ್ಳೆಯೇ ಇಲ್ಲದ ಹುಲ್ಲು.

ಸೇರಿಸುವ ಮುಂಚೆ ಒಂದು ಗೆರೆ ಎಳೆದು ಅಳೆದಿದ್ದೆ,
ಕೆರೆಯ ಅಂಚಿನಿಂದ ಹೊಗೆಯ ಅಂಚಿಗೆ:
ನಾಲ್ಕು ವರ್ಷದ ಹಿಂದಿನ ಚಿತ್ರದಲ್ಲಿ ತೊಂಬತ್ತು ಮೀಟರು,
ಇದರಲ್ಲಿ ನಲವತ್ತೊಂದು.
ಫೋನಿನಲ್ಲಿ ಅದನ್ನು ಹೇಳಲಿಲ್ಲ.

'ಈ ಸಲ ಹೊಗೆ ಸ್ವಲ್ಪ ಮೇಲಕ್ಕೆ ಹಾಕ್ತೀನಿ,
ಮರಗಳ ಕಡೆ,' ಅಂದ ದುಲುಸ್ತಾನ್.
ಯಾಕೆಂದು ಅವನೂ ಹೇಳಲಿಲ್ಲ.