ಸದರಿ

ಹದಿನಾಲ್ಕು ವರ್ಷ ಬರದೀನಿ ಈ ಶಬ್ದ
ಇಂಡಿ ಠಾಣೆದ ಕಬ್ಬಿಣ ಮೇಜಿನ ಮ್ಯಾಲ.
ಸದರಿ ಸ್ಥಳ, ಸದರಿ ವೇಳೆ, ಸದರಿ ಆರೋಪಿತನು.
ಕಲಿಸಿದವರು ರೈಟರ್ ದುಂಡಪ್ಪ:
'ಅಳೂದು ಬರೀಬ್ಯಾಡ ತಂಗಿ, ಕಲಂ ಬರಿ.'

ಆಕಿ ಹೇಳಿದ್ದು
(ಹೆಸರು ಇಲ್ಲೂ ಬರಿಯೂದಿಲ್ಲ):
'ಲಿಂಬಿಕಾಯಿ ಚೀಲದ ಮ್ಯಾಲ ಕೆಡವಿದ್ರಿ,
ಕಾಯಿ ಒಡದು ಬೆನ್ನೆಲ್ಲಾ ಹಸಿ ಆತು.
ಧ್ವನೀನ ಹೊರಡಲಿಲ್ಲ ಅಕ್ಕಾರ,
ಮಾಡಿನ ಹಲ್ಲಿ ಎಣಿಸಿಕೋತ ಬಿದ್ದಿದ್ದೆ.
ಮೂರ ಇದ್ವು.'

ನಾ ಬರದದ್ದು:
'ಸದರಿಯವನು ಪಿರ್ಯಾದಿದಾರಳ ಮೇಲೆ
ಬಲಾತ್ಕಾರ ಎಸಗುವಾಗ್ಗೆ
ಪಿರ್ಯಾದಿದಾರಳು ಜೋರಾಗಿ ಚೀರಾಡಿದ್ದು ಇರುತ್ತದೆ.'

ಚೀರಾಡಿದ್ದು ನನ್ನ ಪೆನ್ನು.
ಕೇಸು ಗಟ್ಟಿ ಆಗಲಿ ಅಂತ.

ಮೂರು ವರ್ಷದ ಮ್ಯಾಲ, ವಿಜಯಪುರದಾಗ,
ಕರಿ ಕೋಟು ಕೇಳ್ತು: 'ಚೀರಿದ್ದೇನಮ್ಮಾ?'
'ಇಲ್ರಿ.'
'ಹಂಗಾರ ಇದು ಸುಳ್ಳು?'
ಆಕಿ ನನ್ನ ಕಡೆ ನೋಡಿದ್ಲು.
ನಾ ತೊಡಿ ಮ್ಯಾಲಿನ ಟೊಪ್ಪಿಗಿ ನೋಡಿದೆ,
ಅದರ ಬಿಲ್ಲೆ, ಸಿಂಹಗಳ ಕೆಳಗ
ಸಣ್ಣ ಅಕ್ಷರದಾಗ ಸತ್ಯದ ಮಾತು.
ಹಲ್ಲಿ ವಿಷಯ ಯಾರೂ ಕೇಳಲಿಲ್ಲ.

ಅಂವ ಬಿಡುಗಡೆ ಆಗಿ
ಸಂಜಿ ಬಸ್ಸಿಗೆ ನಮ್ಮ ಜೋಡೀನ ಬಂದ,
ಕಿಡಕಿ ಸೀಟು.

ಈಗ ಬಂದಾಕಿಗೆ ಬಾಗಿಲು ಕಾಣೂ ಕುರ್ಚಿ ಕೊಡ್ತೀನಿ.
ಅರವಿ ಪ್ಲಾಸ್ಟಿಕಿನ್ಯಾಗ ತುರುಕೂದಿಲ್ಲ,
ನೆರಳಿಗೆ ಒಣಗಿಸಿ ಕಾಗದದ ಚೀಲಕ್ಕ ಹಾಕಿ
ಅರಗು ಒತ್ತುವಾಗ ಬೆರಳು ಸುಡತೈತಿ, ಸುಡಲಿ.
ಯಾಕ ಓಡಲಿಲ್ಲ ಅಂತ ಕೇಳೂದಿಲ್ಲ.
ಚಿಲಕ ಯಾಕ ಹಾಕಿದಿ ಅಂತ ಅವಂಗ ಕೇಳ್ತೀನಿ.
ಎಲ್ಲಾ ಕಲ್ತೀನಿ ಅಂತಲ್ಲ,
ಒಮ್ಮೊಮ್ಮೆ ದುಂಡಪ್ಪನ ಕೈ ನನ್ನ ಕೈಯಾಗ ಏಳತೈತಿ.

ಮೊನ್ನೆ ಒಬ್ಬಾಕಿ ಹೇಳಿದ್ಲು:
'ಆ ಖೋಲಿಯೊಳಗ ಕ್ಯಾಲೆಂಡರ ಇತ್ತು,
ಹೋದ ವರ್ಷದ ಶ್ರಾವಣ, ಯಾರೂ ಹರದಿರಲಿಲ್ಲ.'
ಬರದೆ. ಹಂಗs.
ಸಾಹೇಬ್ರು ಗೀಟು ಹೊಡಿಯಾಕ ಬಂದ್ರು:
'ಕ್ಯಾಲೆಂಡರ್ ಯಾಕ ಬೇಕ ಇದರಾಗ?'
'ಇರಲಿ ಸರ್. ಹೋಗಿ ನೋಡಿ ಬರ್ರಿ.'

ಹೋದ್ರು.
ಇತ್ತು. ಶ್ರಾವಣಾನ ಇತ್ತು.

'ಓದಿ ಕೇಳಲಾಗಿ ಸರಿ ಇರುತ್ತದೆ'
ಅನ್ನೂ ಕಡೀ ಸಾಲಿಗೆ ಮುಂಚೆ
ಈ ಸಲ ಖರೇನ ಓದಿದೆ.
ಎರಡು ಕಡೆ ತಡದ್ಲು: 'ಹಂಗಲ್ರಿ.'
ಹೊಡದು ಹಾಕಿ ಮತ್ತ ಬರದೆ.
ಆ ಕಾಟಿಗೆ ಆಕೀನೂ ಸಹಿ ಮಾಡಿದ್ಲು, ನಾನೂ.